ಉಗಿಯಂತ್ರಗಳ ಛಾಯಾಚಿತ್ರಗಳೂ ಶೀತಕಾಲವೂ

ಚೀನಾ ದೇಶದ ಒಳ ಮಂಗೋಲಿಯಾ ಪ್ರಾಂತದಲ್ಲಿ ಜಿನಿಂಗ್, ತೋಂಗ್ಲ್ಯಾವ್ ಎಂಬ ಪಟ್ಟಣಗಳನ್ನು ಕೂಡಿಸುವ ಸುಮಾರು 945 ಕಿಲೋಮೀಟರುಗಳ ರೈಲುದಾರಿಯೊಂದುಂಟು. ಲೋಕದ ಬಹುಭಾಗದಲ್ಲಿ ಉಗಿಯಂತ್ರಗಳ ಕಾಲವು ಮುಗಿದ ಮೇಲೆ, 1995ರಲ್ಲಿ ತೆರೆಯಲ್ಪಟ್ಟ ಈ ದಾರಿಯು ಅವುಗಳಿಂದಲೇ ನಡೆಯುತ್ತಿದ್ದಿತು. ಜಿಂಗ್‌ಪೆಂಗ್ ಘಟ್ಟದ ಏರಿನಲ್ಲಿ ಸರಕುಬಂಡಿಗಳಿಗೆ ‘ಮುನ್ನಡೆ’ ಎಂಬರ್ಥದ ‘ಛಿಯೆನ್‌ಜಿನ್’ ಯಂತ್ರಗಳನ್ನು ಎರಡೆರಡಾಗಿ ಹೂಡುತ್ತಿದ್ದರು. ಹತ್ತು ಚಾಲಕಚಕ್ರಗಳುಳ್ಳ ಈ ಜಾತಿಯ ಯಂತ್ರಗಳು 1956ರಿಂದ 1988ರವರೆಗೆ 4,700ಕ್ಕೂ ಮೇಲ್ಪಟ್ಟು ನಿರ್ಮಿತವಾದುವು. 2005ರ ಡಿಸೆಂಬರಿನಲ್ಲಿ ಈ ದಾರಿಯಲ್ಲಿ ಅವುಗಳ ನಿಯತಸಂಚಾರವು ನಿಂತಿತು. ಅದಕ್ಕೆ ಮುನ್ನ ನಾನಾ ದೇಶಗಳ ಛಾಯಾಗ್ರಾಹಕರು ಇಲ್ಲಿಗೆ ಯಾತ್ರೆ ಕೈಗೊಳ್ಳುತ್ತಿದ್ದರು. ಅವರಲ್ಲಿ ಅನೇಕರು ಬೇಸಗೆಯನ್ನು ಬಿಟ್ಟು ಕೊರೆಯುವ ಚಳಿಯನ್ನೇ ಆರಿಸಿಕೊಂಡುದೇಕೆಂಬುದು ವಿಚಾರಾರ್ಹವಾದುದು.

ಉಗಿಯು ಸ್ವಭಾವತಃ ಅದೃಶ್ಯ. ಕಣ್ಣಿಗೆ ಬೀಳುವ ಬಿಳಿಯ ಮೋಡವು ಉಗಿಯಲ್ಲ. ಅದು ತಣಿದು ಆದ ಸೂಕ್ಷ್ಮ ಜಲಬಿಂದುಗಳ ರಾಶಿ. ಒಂದು ಘನಮೀಟರು ಗಾಳಿಯು 30 ಅಂಶ ಸೆಲ್ಸಿಯಸ್ ಉಷ್ಣದಲ್ಲಿ ಸುಮಾರು 30 ಗ್ರಾಂ ನೀರಾವಿಯನ್ನು ಅಡಗಿಸಿಕೊಳ್ಳಬಲ್ಲುದು. ಶೂನ್ಯಕ್ಕಿಂತ 20 ಅಂಶ ಕೆಳಗೆ ಸುಮಾರು 1 ಗ್ರಾಂ ಮಾತ್ರ. ಆದುದರಿಂದ ಬೇಸಗೆಯಲ್ಲಿ ಬೇಗನೆ ಕರಗಿಹೋಗುವ ಮೋಡವು ಚಳಿಯಲ್ಲಿ ದಟ್ಟವಾಗಿ ಬಹುಹೊತ್ತು ನಿಲ್ಲುತ್ತದೆ. ಬೆಳಕಿನ ಕಾರಣವೂ ಉಂಟು. ಆ ಅಕ್ಷಾಂಶದಲ್ಲಿ ಡಿಸೆಂಬರಿನ ಕಡೆಯಲ್ಲಿ ನಡುಹಗಲ ಸೂರ್ಯನೂ ದಿಗಂತದಿಂದ ಸುಮಾರು 23 ಅಂಶಗಳಷ್ಟೇ ಮೇಲಿರುವನು. ಮೇಲಿನಿಂದ ಬೀಳುವ ಬಿಸಿಲಿನಲ್ಲಿ ಕುದಿಪಾತ್ರೆಯ ನೆರಳಿನಲ್ಲಿ ಮರೆಯಾಗುವ ಚಕ್ರಗಳೂ ಸನ್ನೆಗೋಲುಗಳೂ ಈ ಓರೆಬೆಳಕಿನಲ್ಲಿ ಸ್ಫುಟವಾಗುತ್ತವೆ.

ಇದಕ್ಕೆ ತೆರಬೇಕಾದ ಬೆಲೆಯೂ ಅಲ್ಪವಲ್ಲ. ಚಳಿಯಲ್ಲಿ ವಿದ್ಯುತ್ಕೋಶಗಳು ಶಕ್ತಿಗುಂದುತ್ತವೆ. ಫಿಲ್ಮು ಪೆಡಸಾಗಿ ಮುರಿಯುತ್ತದೆ. ಬೆಚ್ಚನೆಯ ಕೋಣೆಗೆ ಒಮ್ಮೆಗೇ ತಂದ ಕ್ಯಾಮರಾದ ಮಸೂರದ ಮೇಲೆ ತೇವವು ಕಟ್ಟುತ್ತದೆ. ಆದಕಾರಣ ಅದನ್ನು ಚೀಲದಲ್ಲಿ ಭದ್ರವಾಗಿ ಮುಚ್ಚಿ, ಮೆಲ್ಲನೆ ಬೆಚ್ಚಗಾಗಗೊಡಬೇಕು.

ಇಂಥ ಚಿತ್ರಗಳು ಇಂದು ಇತಿಹಾಸದ ಆಧಾರಗಳಾಗಿವೆ. ಎಚ್ಚರವು ಬೇಕಾದುದು ಇಲ್ಲಿಯೇ. ಅದೇ ಯಂತ್ರವು ಅದೇ ಏರನ್ನು ಅದೇ ಭಾರದೊಡನೆ ಬೇಸಗೆಯಲ್ಲಿ ಹತ್ತಿದರೆ ಮೋಡವು ತೆಳುವಾಗಿರುವುದು. ದುಡಿಮೆಯು ಮಾತ್ರ ಕಡಿಮೆಯಾಗಿರದು. ಮೋಡದ ಗಾತ್ರದಿಂದ ಯಂತ್ರದ ಶಕ್ತಿಯನ್ನು ಅಳೆಯುವವನು ಋತುವಿನ ಗುಣವನ್ನು ಯಂತ್ರಕ್ಕೆ ಆರೋಪಿಸಿದಂತಾಗುವುದು. ಶಾಸನವನ್ನು ಓದುವವನು ಕಲ್ಲಿನ ಬಿರುಕನ್ನು ಅಕ್ಷರವೆಂದು ಭ್ರಮಿಸಲಾಗದು. ಹಾಗೆಯೇ ಚಿತ್ರವನ್ನು ಓದುವವನು, ಅದರಲ್ಲಿ ಯಂತ್ರದ್ದಾವುದು, ಹವೆಯದಾವುದು, ಛಾಯಾಗ್ರಾಹಕನ ಆಯ್ಕೆಯಾವುದು ಎಂಬುದನ್ನು ವಿಂಗಡಿಸಿಕೊಂಡಲ್ಲದೆ ನಿರ್ಣಯಕ್ಕೆ ಬರಲಾಗದು.