ತರುಣರ ಮದ್ಯಪಾನವೂ ಸಾಮಾಜಿಕ ಜಾಲತಾಣವೂ

ಮಂಗಳೂರಿನ ಕದ್ರಿ ಗುಡ್ಡದ ಮೇಲೆ ಆಕಾಶವಾಣಿಯ ನಿಲಯವಿದೆ. ಅಲ್ಲಿಂದ ಹೊರಡುವ ಮಾತು ಕೇಳುವವರೆಲ್ಲರಿಗೂ ಒಂದೇ. ಕುಡಿತದ ಕೇಡನ್ನು ಕುರಿತು ವೈದ್ಯರೊಬ್ಬರು ಭಾಷಣ ಮಾಡಿದರೆ, ಗುಡ್ಡದ ತಪ್ಪಲಿನ ವಿದ್ಯಾರ್ಥಿಯೂ ದೂರದ ಹಳ್ಳಿಯ ಕೃಷಿಕನೂ ಅದನ್ನೇ ಕೇಳುವರು. ಆ ವಿದ್ಯಾರ್ಥಿಯ ಕೈಯಲ್ಲಿರುವ ಮೊಬೈಲಿನ ಸ್ವಭಾವ ಬೇರೆ. ಇನ್‌ಸ್ಟಾಗ್ರಾಮಿನಲ್ಲಿಯೂ ವಾಟ್ಸಾಪಿನಲ್ಲಿಯೂ ಅವನಿಗೆ ಎದುರಾಗುವುದು ಹೆಚ್ಚಾಗಿ ಓರಗೆಯವರ ಚಿತ್ರ, ಓರಗೆಯವರ ಮಾತು. ಈ ಭೇದವನ್ನು ಗಣಿಸದೆ ಹಳೆಯ ಉಪದೇಶವನ್ನೇ ಹೊಸ ಸಾಧನದಲ್ಲಿ ಹರಿಯಬಿಟ್ಟರೆ ಅದರಿಂದ ದೊರೆಯುವ ಫಲ ಅಲ್ಪವೇ ಸರಿ.

ತರುಣನು ಎಷ್ಟು ಕುಡಿಯುತ್ತಾನೆಂಬುದು, ಇತರರು ಎಷ್ಟು ಕುಡಿಯುತ್ತಾರೆಂದು ಅವನು ಭಾವಿಸಿರುವುದನ್ನು ಬಹುಮಟ್ಟಿಗೆ ಅವಲಂಬಿಸಿದೆ. ಈ ಭಾವನೆ ಅನೇಕ ವೇಳೆ ತಪ್ಪಾಗಿರುತ್ತದೆಂದು ಅಮೆರಿಕದ ಪರ್ಕಿನ್ಸ್ ಮತ್ತು ಬರ್ಕೊವಿಟ್ಸ್ ಎಂಬ ವಿದ್ವಾಂಸರು 1986ರಲ್ಲಿ ತೋರಿಸಿದರು: ವಿದ್ಯಾರ್ಥಿಗಳು ಸಹಪಾಠಿಗಳ ಕುಡಿತವನ್ನು ಇದ್ದುದಕ್ಕಿಂತ ಹೆಚ್ಚೆಂದು ಎಣಿಸುತ್ತಿದ್ದರು. ಜಾಲತಾಣವು ಈ ಭ್ರಾಂತಿಯನ್ನು ಬೆಳೆಸುತ್ತದೆ. ಪಾನಗೋಷ್ಠಿಯ ಚಿತ್ರ ನೂರು ಮಂದಿಗೆ ತಲುಪುತ್ತದೆ. ಎಳನೀರು ಕುಡಿದು ಮನೆಗೆ ಮರಳಿದವನ ಸಂಜೆ ಚಿತ್ರವಾಗುವುದು ಅಪರೂಪ. ಆದಕಾರಣ ಕುಡಿಯದವನು ಲೆಕ್ಕಕ್ಕೇ ಬಾರದೆ ಹೋಗುತ್ತಾನೆ.

ವಾಸ್ತವವೇನು? ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯು ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಂತೆ, 10ರಿಂದ 75 ವರ್ಷದವರಲ್ಲಿ ಮದ್ಯ ಸೇವಿಸುವವರು ಶೇಕಡ 14.6, ಪುರುಷರಲ್ಲಿ ಶೇಕಡ 27.3. ಎಂದರೆ ಪುರುಷರಲ್ಲಿಯೂ ಕುಡಿಯದವರೇ ಬಹುಸಂಖ್ಯಾತರು. ಆದರೆ ದೇಶದ ಅಂಕಿಗಿಂತ ತನ್ನ ತರಗತಿಯ ಅಂಕಿಯೇ ವಿದ್ಯಾರ್ಥಿಯ ಮನಸ್ಸಿಗೆ ನಾಟುವುದು. ಹೆಸರು ಬರೆಸದೆ ಎರಡು ಪ್ರಶ್ನೆ ಕೇಳಬಹುದು: ಕಳೆದ ತಿಂಗಳು ನೀವು ಎಷ್ಟು ದಿನ ಕುಡಿದಿರಿ? ನಿಮ್ಮ ಸಹಪಾಠಿಗಳು ಎಷ್ಟು ದಿನ ಕುಡಿದಿರಬಹುದು? ಈ ಎರಡು ಉತ್ತರಗಳ ಅಂತರವನ್ನು ವಿದ್ಯಾರ್ಥಿಗಳೇ ತಮ್ಮ ವಾಟ್ಸಾಪ್ ಗುಂಪಿನಲ್ಲಿ ಪ್ರಕಟಿಸುವುದು ಉಚಿತ ಕ್ರಮ. ನಿಜವಾದ ಅಂಕಿಯೇ ದೊಡ್ಡದಾಗಿ ಕಂಡರೆ ಅದನ್ನು ತಿದ್ದಲಾಗದು; ಆಗ ಬೇರೆ ಉಪಾಯವನ್ನು ಹುಡುಕಬೇಕು.

ಇಲ್ಲಿ ಇನ್ನೊಂದು ಎಚ್ಚರಿಕೆ ಅವಶ್ಯ. ಕ್ಯಾಲಿಫೋರ್ನಿಯದ ಮನೆಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ನೆರೆಹೊರೆಯ ಸರಾಸರಿ ವಿದ್ಯುತ್ ಬಳಕೆಯನ್ನು ತಿಳಿಸಿದಾಗ, ಕಡಿಮೆ ಬಳಸುತ್ತಿದ್ದವರು ಹೆಚ್ಚು ಬಳಸತೊಡಗಿದರು. ಅಂಕಿಯ ಜೊತೆಗೆ ಮೆಚ್ಚುಗೆಯ ನಗುಮುಖದ ಗುರುತನ್ನು ಸೇರಿಸಿದಾಗ ಆ ಏರಿಕೆ ಕಾಣಲಿಲ್ಲ. ಕುಡಿಯದ ವಿದ್ಯಾರ್ಥಿಗೂ ಬರಿಯ ಸರಾಸರಿಯನ್ನಷ್ಟೇ ಹೇಳಬಾರದು. ಅವನ ನಡತೆಗೆ ಗೆಳೆಯರ ಸಮ್ಮತಿಯಿದೆಯೆಂಬುದೂ ತಿಳಿಯಬೇಕು.

ಈ ಉಪಾಯವನ್ನು ಸರ್ವರೋಗಕ್ಕೂ ಮದ್ದೆಂದು ಸಾರುವುದು ಸಲ್ಲದು. 2015ರ ಕಾಕ್ರೇನ್ ಸಮೀಕ್ಷೆಯು ಇಂಥ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿ, ಇವುಗಳ ಪರಿಣಾಮ ಬಲು ಸಣ್ಣದೆಂದು ತೀರ್ಮಾನಿಸಿತು. ಆದ್ದರಿಂದ ಜಾಲತಾಣದ ಸಂದೇಶವು ನೆರವಿನ ಬಾಗಿಲಿಗೆ ದಾರಿತೋರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಪ್ರಶ್ನಾವಳಿಯಲ್ಲಿ 10 ಪ್ರಶ್ನೆಗಳೂ ಒಟ್ಟು 40 ಅಂಕಗಳೂ ಇವೆ. 8 ಅಥವಾ ಹೆಚ್ಚು ಅಂಕ ಬಂದರೆ ಅದು ಅಪಾಯಕರ ಪಾನದ ಸೂಚನೆ. ತರುಣನು ಇದನ್ನು ತನ್ನ ಮೊಬೈಲಿನಲ್ಲಿ ಏಕಾಂತದಲ್ಲಿ ತುಂಬಬಲ್ಲನು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಯನ್ನು ಅದರ ಕೆಳಗೇ ಕೊಡಬಹುದು.

ನಾಲ್ಕು ಜನರ ಮುಂದೆ ಆಪ್ತಸಲಹೆಗಾರರ ಕೋಣೆಗೆ ಹೋಗಲು ನಾಚುವ ಹುಡುಗನಿಗೆ ಆ ಏಕಾಂತವೇ ಮೊದಲ ಮೆಟ್ಟಿಲು. ಎರಡನೆಯ ಮೆಟ್ಟಿಲಿನಲ್ಲಿ ಅವನನ್ನು ಗದರದೆ ಮಾತಾಡಿಸುವ ಅಧ್ಯಾಪಕರೊಬ್ಬರು ಇರಬೇಕು.