ಗುರುವಾರದ ಸುತ್ತು

1977ರ ಏಪ್ರಿಲ್ 30ರ ಶನಿವಾರ ಅಪರಾಹ್ನ, ಅರ್ಜೆಂಟೀನಾ ದೇಶದ ರಾಜಧಾನಿಯಾದ ಬ್ಯೂನಸ್ ಐರಿಸ್ ನಗರದಲ್ಲಿ, ಅಧ್ಯಕ್ಷಭವನದ ಎದುರಿಗಿರುವ ಪ್ಲಾಜಾ ದ ಮಾಯೋ ಎಂಬ ಚೌಕಕ್ಕೆ ಹದಿನಾಲ್ಕು ಮಂದಿ ಹೆಂಗಸರು ಬಂದು ಸೇರಿದರು. ಶನಿವಾರವಾದ್ದರಿಂದ ಕಚೇರಿಗಳು ಮುಚ್ಚಿ ಚೌಕ ಬರಿದಾಗಿತ್ತು. ಪಾರಿವಾಳಗಳ ಹೊರತು ಅವರನ್ನು ಕಂಡವರು ವಿರಳ. ನೋಡುವವರಿಲ್ಲದೆಡೆಯಲ್ಲಿ ನಿಲ್ಲುವುದು ವ್ಯರ್ಥವೂ ಹೌದು, ಅಪಾಯಕರವೂ ಹೌದೆಂದು ಅರಿತು, ಅವರು ಮುಂದಿನ ಸಲಕ್ಕೆ ಶುಕ್ರವಾರವನ್ನು ಗೊತ್ತುಮಾಡಿದರು. ಶುಕ್ರವಾರವು ಮಾಟಗಾತಿಯರ ದಿನ, ಒಳಿತಲ್ಲವೆಂದು ಒಬ್ಬಾಕೆ ಆಕ್ಷೇಪಿಸಲಾಗಿ (ನಮ್ಮ ಕಡೆಯ ಮುತ್ತೈದೆಯರಿಗಾದರೋ ಶುಕ್ರವಾರಕ್ಕಿಂತ ಒಳ್ಳೆಯ ದಿನವಿಲ್ಲ) ಕಡೆಗೆ ಗುರುವಾರ ಮೂರೂವರೆ ಗಂಟೆಯೆಂದು ನಿಶ್ಚಯವಾಯಿತು.

ಅದರ ಹಿಂದಿನ ವರ್ಷ ಮಾರ್ಚ್ 24ರಂದು ಸೇನಾನಿಗಳು ದೇಶದ ಅಧಿಕಾರವನ್ನು ಕಸಿದುಕೊಂಡಿದ್ದರು. ಅಲ್ಲಿಂದ 1983ರ ಪರ್ಯಂತ ಕಾರ್ಮಿಕ ಸಂಘದವರು, ವಿದ್ಯಾರ್ಥಿಗಳು, ಉಪಾಧ್ಯಾಯರು, ಇವರ ಸ್ನೇಹಿತರು, ಆ ಸ್ನೇಹಿತರ ಸ್ನೇಹಿತರು ಮನೆಯಿಂದಲೋ ಬೀದಿಯಿಂದಲೋ ಒಯ್ಯಲ್ಪಟ್ಟು ಮರಳಿ ಬಾರದೆ ಹೋದರು. 1984ರಲ್ಲಿ ರಾಷ್ಟ್ರೀಯ ಆಯೋಗವು ದಾಖಲಿಸಿದ್ದು 8,961 ಮಂದಿಯನ್ನು. ಮಾನವ ಹಕ್ಕುಗಳ ಸಂಘಗಳು ಹೇಳುವ ಸಂಖ್ಯೆ 30,000. ಸತ್ತರೆನ್ನಲು ಶವವಿಲ್ಲ, ಸೆರೆಯಲ್ಲಿರುವರೆನ್ನಲು ಕಾಗದವಿಲ್ಲ. ತಾಯಂದಿರು ಠಾಣೆ, ನ್ಯಾಯಾಲಯ, ಸೈನ್ಯದ ಕಚೇರಿಗಳಿಗೆಲ್ಲ ಅಲೆದು, ನೌಕಾದಳದ ಪ್ರಾರ್ಥನಾಮಂದಿರದಲ್ಲಿ ಪಾದ್ರಿಯೊಬ್ಬನಿಗಾಗಿ ಕಾದು ಕುಳಿತಿದ್ದಾಗ, ಕಾರ್ಖಾನೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿ ದುಡಿದಿದ್ದ ಅಸುಸೇನಾ ವಿಯಾಫ್ಲೋರ್ ಎಂಬಾಕೆ, ಹೀಗೆ ಒಬ್ಬೊಬ್ಬರೇ ಬೇಡಿದರೆ ಆಗುವಂಥದೇನೂ ಇಲ್ಲ, ಎಲ್ಲರೂ ಕೂಡಿ ಚೌಕಕ್ಕೆ ಹೋಗೋಣವೆಂದಳು. ಆಕೆಯ ಮಗ ನೆಸ್ಟೋರ್ ಕಾಣೆಯಾಗಿ ಆಗ ಐದು ತಿಂಗಳಾಗಿತ್ತು.

ಗುಂಪು ಕೂಡುವುದು ಆಗ ನಿಷಿದ್ಧವಾಗಿತ್ತು. ಆದಕಾರಣ ಪೊಲೀಸರು ಬಂದು, ಇಲ್ಲಿ ನಿಲ್ಲಕೂಡದು, ನಡೆಯಿರಿ, ನಡೆಯುತ್ತಲೇ ಇರಿ ಎಂದು ಗದರಿಸಿದರು. ಹೆಂಗಸರು ಆ ಆಜ್ಞೆಯನ್ನು ಅಕ್ಷರಶಃ ಪಾಲಿಸಿದರು: ಇಬ್ಬಿಬ್ಬರಾಗಿ ಕೈಗೆ ಕೈ ಕೋದುಕೊಂಡು, ಚೌಕದ ನಡುವಣ ಸ್ಮಾರಕಸ್ತಂಭವನ್ನು ಬಳಸಿ ನಡೆಯತೊಡಗಿದರು. ಇಬ್ಬರು ನಡೆದರೆ ಗುಂಪಲ್ಲ, ನಡೆಯುವವರು ನಿಂತವರಲ್ಲ. ಕಾನೂನು ಎಲ್ಲಿಯೂ ಮುರಿಯಲಿಲ್ಲ. ಅವರು ಸುತ್ತಿದ್ದು ಎಡಕ್ಕೆ, ನಮ್ಮ ಲೆಕ್ಕದಲ್ಲಿ ಅಪ್ರದಕ್ಷಿಣೆ. ನಮ್ಮಲ್ಲಿ ಅದು ಸತ್ತವರಿಗೆ ಸಲ್ಲುವ ಸುತ್ತು. ಮಕ್ಕಳು ಸತ್ತರೆಂದು ಒಪ್ಪಲೊಲ್ಲದ ತಾಯಂದಿರ ನಡಿಗೆಯೂ ಅದೇ ದಿಕ್ಕಿನದಾದುದು ಕೇವಲ ಆಕಸ್ಮಿಕವಾದರೂ, ಓದುವಾಗ ನನ್ನ ಮನಸ್ಸು ಅಲ್ಲಿ ಒಂದು ಕ್ಷಣ ತಡೆಯಿತು.

ಒಂದು ದಿನ ಪೊಲೀಸಿನವನು ಒಬ್ಬಾಕೆಯ ಬಳಿ ಗುರುತಿನ ಪತ್ರವನ್ನು ಕೇಳಿದ. ಒಬ್ಬಾಕೆಯನ್ನು ಬೇರ್ಪಡಿಸಿ, ಹೆಸರು ವಿಳಾಸ ಬರೆದುಕೊಂಡು, ಹೆದರಿಸಿ ಕಳಿಸುವುದು ಅವರ ರೂಢಿ. ಆದರೆ ಆಕೆ ಪತ್ರವನ್ನು ತೆಗೆಯುತ್ತಿರುವಂತೆಯೇ ಉಳಿದವರೆಲ್ಲರೂ ತಮ್ಮ ತಮ್ಮ ಚೀಲಗಳನ್ನು ಬಿಚ್ಚಿ, ಕೇಳದಿದ್ದರೂ, ಪತ್ರಗಳನ್ನು ಆತನ ಕೈಗೆ ತುರುಕಿದರು. ಅಷ್ಟನ್ನೂ ಪರಿಶೀಲಿಸಿ ಹಿಂದಿರುಗಿಸುವಷ್ಟು ಹೊತ್ತು ಅವರು ಚೌಕದಲ್ಲಿಯೇ ಇರಬೇಕಾಯಿತು. ಚದುರಿಸಬಂದವನೇ ಅವರನ್ನು ಅಲ್ಲಿ ಇರಿಸಿಕೊಂಡಂತಾಯಿತು. ಒಬ್ಬಳನ್ನು ಹಿಡಿದರೆ ನಮ್ಮನ್ನೂ ಹಿಡಿಯಿರೆಂದು ಠಾಣೆಯವರೆಗೂ ಹಿಂಬಾಲಿಸುವ ಪದ್ಧತಿ ಇದರಿಂದಲೇ ಬೆಳೆಯಿತು.

ಅವರ ಆಯುಧಗಳಾದರೋ ಮನೆಯೊಳಗಿನವೇ. ಪೊಲೀಸ್ ನಾಯಿಗಳನ್ನು ತಡೆಯಲು ಸುರುಳಿ ಸುತ್ತಿದ ವೃತ್ತಪತ್ರಿಕೆ; ಅಶ್ರುವಾಯುವಿಗೆ ಅಡುಗೆಸೋಡಾ ಮತ್ತು ಒಂದು ಸೀಸೆ ನೀರು. ಉಪಾಹಾರಗೃಹದಲ್ಲಿ ಕೂಡಿದಾಗ ಯಾರದೋ ಹುಟ್ಟುಹಬ್ಬವೆಂಬ ನಟನೆ ನಡೆಯುತ್ತಿತ್ತು. ಕಾಗದಪತ್ರಗಳು ಮೇಜಿನ ಕೆಳಗೆ ಕೈ ಬದಲಾಗುತ್ತಿದ್ದವು. ಅದೇ ವರ್ಷದ ಅಕ್ಟೋಬರಿನಲ್ಲಿ ಲುಹಾನ್ ಎಂಬ ಪುಣ್ಯಕ್ಷೇತ್ರಕ್ಕೆ ಲಕ್ಷಾಂತರ ಯಾತ್ರಿಕರು ನಡೆದುಹೋಗುವಾಗ, ಆ ಜನಸಾಗರದಲ್ಲಿ ಒಬ್ಬರನ್ನೊಬ್ಬರು ಕಳೆದುಕೊಳ್ಳದಿರಲೆಂದು ಅವರು ತಲೆಗೆ ಕಟ್ಟಿಕೊಂಡದ್ದು ಹಸುಗೂಸುಗಳಿಗೆ ಕಟ್ಟುವ ಬಿಳಿಯ ಬಟ್ಟೆಯನ್ನು. ಇಂದು ಜಗತ್ತೆಲ್ಲ ಬಲ್ಲ ಆ ಬಿಳಿಯ ತಲೆವಸ್ತ್ರ ಮೊದಲಿಗೆ ಲಾಂಛನವಾಗಿರಲಿಲ್ಲ, ಜಾತ್ರೆಯಲ್ಲಿ ತಪ್ಪಿಸಿಕೊಳ್ಳದಿರಲು ಮಾಡಿಕೊಂಡ ಗುರುತಾಗಿತ್ತು. ಮಾನವ ಹಕ್ಕುಗಳಿಗಾಗಿ ಹೋರಾಡುವ ಇಂಥವರ ರಕ್ಷಣೆಗಾಗಿ ವಿಶ್ವಸಂಸ್ಥೆಯು ಘೋಷಣಾಪತ್ರವೊಂದನ್ನು ಅಂಗೀಕರಿಸಿದ್ದು 1998ರ ಡಿಸೆಂಬರಿನಲ್ಲಿ. 1977ರಲ್ಲಿ ಸೇನಾನಿಗಳು ಅವರಿಗೆ ಕೊಟ್ಟಿದ್ದ ಹೆಸರು 'ಹುಚ್ಚಿಯರು' ಎಂಬುದೊಂದೇ. ಆ ತಾತ್ಸಾರವೂ ಕೆಲಕಾಲ ಅವರಿಗೆ ಆಶ್ರಯವಾಯಿತೆನ್ನಬೇಕು.

ಕೆಲಕಾಲ ಮಾತ್ರ. ತನ್ನ ಸೋದರನೊಬ್ಬ ಕಾಣೆಯಾಗಿದ್ದಾನೆಂದು ಹೇಳಿಕೊಂಡು ಹೊಂಬಣ್ಣದ ಕೂದಲಿನ ತರುಣನೊಬ್ಬ ಆ ಕೂಟಕ್ಕೆ ಬರತೊಡಗಿದ್ದನು. ಗುಸ್ತಾವೋ ನೀನ್ಯೋ ಎಂದು ಆತ ಹೇಳಿದ ಹೆಸರು. ನೀನ್ಯೋ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಮಗು. ತಾಯಂದಿರು ಅವನಿಗಾಗಿ ಹೆದರಿದರು. ನೀನು ಎಳೆಯವನು, ಚೌಕಕ್ಕೆ ಬರಬೇಡ, ನಿನ್ನನ್ನೂ ಒಯ್ದಾರೆಂದು ಬುದ್ಧಿ ಹೇಳಿದರು. ಆತನು ನೌಕಾದಳದ ಅಧಿಕಾರಿ ಆಲ್ಫ್ರೆಡೋ ಆಸ್ತಿಸ್. ಕಾಣೆಯಾದವರ ಹೆಸರುಗಳನ್ನು ಪತ್ರಿಕೆಯಲ್ಲಿ ಜಾಹೀರಾತಾಗಿ ಅಚ್ಚು ಹಾಕಿಸಲು ಹಣ ಕೂಡಿಸುತ್ತಿದ್ದ ಡಿಸೆಂಬರ್ 8ರ ಗುರುವಾರ, ಸಾಂತಾ ಕ್ರೂಸ್ ಚರ್ಚಿನಿಂದ ಹೊರಬರುತ್ತಿದ್ದವರನ್ನು, ಆತ ಮೊದಲೇ ತೋರಿಸಿಕೊಟ್ಟಿದ್ದ ಪ್ರಕಾರ, ಎಳೆದೊಯ್ದರು. ಅವರಲ್ಲಿ ಎಸ್ತೆರ್ ಬಾಯೆಸ್ತ್ರೀನೋ ಇದ್ದಳು. ಅಪಹೃತಳಾಗಿದ್ದ ಈಕೆಯ ಹದಿಹರೆಯದ ಮಗಳು ಬಿಡುಗಡೆಯಾಗಿ ಬಂದಿದ್ದರೂ, ಉಳಿದವರ ಮಕ್ಕಳು ಬಂದಿಲ್ಲವೆಂದು ಚೌಕಕ್ಕೆ ಹಿಂದಿರುಗಿದ್ದವಳು. 10ರ ಬೆಳಿಗ್ಗೆ ಜಾಹೀರಾತು ಅಚ್ಚಾಯಿತು. ಅದನ್ನು ಕೊಳ್ಳಲೆಂದು ಒಬ್ಬಳೇ ಮನೆಯಿಂದ ಹೊರಟ ಅಸುಸೇನಾಳನ್ನು ಬೀದಿಯಲ್ಲಿಯೇ ಹಿಡಿದೊಯ್ದರು. ಆ ಮೂರು ದಿನಗಳಲ್ಲಿ ಹೋದವರು ಹನ್ನೆರಡು ಮಂದಿ, ಇಬ್ಬರು ಫ್ರೆಂಚ್ ಸನ್ಯಾಸಿನಿಯರೂ ಸೇರಿ.

ಇದನ್ನು ಅಜಾಗರೂಕತೆಯೆಂದು ಕರೆಯಲು ನನಗೆ ಮನಸ್ಸು ಬಾರದು. ಕಣ್ಣೀರಿಡುತ್ತ ಬಂದ ಪ್ರತಿಯೊಬ್ಬರ ಪೂರ್ವೋತ್ತರವನ್ನು ಶೋಧಿಸತೊಡಗಿದ್ದರೆ ಆ ಕೂಟವು ಎರಡನೆಯ ಗುರುವಾರವನ್ನೂ ಕಾಣುತ್ತಿರಲಿಲ್ಲ.

ನಾಯಕಿಯನ್ನು ಒಯ್ದರೆ ಉಳಿದವರು ಮನೆ ಸೇರುವರೆಂಬುದು ಸೇನಾನಿಗಳ ಎಣಿಕೆಯಾಗಿತ್ತು. ಮುಂದಿನ ಗುರುವಾರ ಬಂದವರ ಸಂಖ್ಯೆ ಕುಗ್ಗಿತ್ತು, ಆದರೆ ಬಂದರು. 1978ರ ಜೂನ್ 1ರಂದು ಆ ನಗರದಲ್ಲಿ ವಿಶ್ವಕಪ್ ಫುಟ್‌ಬಾಲ್ ಆರಂಭವಾಯಿತು. ಅದು ಗುರುವಾರವೇ ಆಗಿದ್ದುದರಿಂದ, ಡಚ್ ಟೆಲಿವಿಷನ್‌ನವರು ಕ್ಯಾಮೆರಾವನ್ನು ಚೌಕಕ್ಕೆ ತಂದರು, ತಾಯಂದಿರ ಮುಖಗಳು ಪರದೇಶಗಳ ಮನೆಮನೆಗೂ ಮುಟ್ಟಿದವು. ಹೊರಗಿನವರು ಮುಖವನ್ನು ಬಲ್ಲ ಹೆಂಗಸನ್ನು ಸದ್ದಿಲ್ಲದೆ ಮಾಯಮಾಡುವುದು ಅಷ್ಟು ಸುಲಭವಲ್ಲವಾದ್ದರಿಂದ, ಈ ಚಿತ್ರ ಅವರಿಗೆ ಯಾವ ಕಾವಲಿಗಿಂತಲೂ ಹೆಚ್ಚಿನದಾಯಿತು. 1979ರಲ್ಲಿ ಪೊಲೀಸರು ಚೌಕವನ್ನೇ ಮುಚ್ಚಿದಾಗ ಚರ್ಚುಗಳ ಮರೆ ಹೊಕ್ಕು, ಮೊಣಕಾಲೂರಿ, ಜಪದ ದನಿಯಲ್ಲಿಯೇ ಮುಂದಿನ ಭೇಟಿಯ ಜಾಗವನ್ನು ಪಿಸುಗುಟ್ಟಿಕೊಂಡರು. ಅದೇ ವರ್ಷದ ಆಗಸ್ಟಿನಲ್ಲಿ ಸಂಘವನ್ನು ವಿಧ್ಯುಕ್ತವಾಗಿ ಸ್ಥಾಪಿಸಿದರು.

ಅಸುಸೇನಾಳನ್ನೂ ಸಂಗಡಿಗರನ್ನೂ ವಿಮಾನದಿಂದ ಸಮುದ್ರಕ್ಕೆ ಎಸೆದಿದ್ದರು. ಅಲೆಗಳು ದಡಕ್ಕೆ ತಂದ ದೇಹಗಳು ಹೆನೆರಲ್ ಲವಾಯೆ ಎಂಬ ಊರಿನ ಸ್ಮಶಾನದಲ್ಲಿ ಹೆಸರಿಲ್ಲದೆ ಇಪ್ಪತ್ತೇಳು ವರ್ಷ ಮಲಗಿದ್ದು, 2005ರಲ್ಲಿ ಅರ್ಜೆಂಟೀನಾದ ವಿಧಿವಿಜ್ಞಾನ ಮಾನವಶಾಸ್ತ್ರ ತಂಡದವರಿಂದ ಗುರುತಿಸಲ್ಪಟ್ಟವು. ಆಸ್ತಿಸ್‌ನಿಗೆ ಜೀವಾವಧಿ ಶಿಕ್ಷೆಯಾದದ್ದು 2011ರಲ್ಲಿ. ಅಸುಸೇನಾಳ ಚಿತಾಭಸ್ಮವನ್ನು 2005ರ ಡಿಸೆಂಬರ್ 8ರಂದು, ಅದೂ ಒಂದು ಗುರುವಾರ, ಚೌಕದ ನಡುವಣ ಆ ಸ್ತಂಭದ ಬುಡದಲ್ಲಿ ನೆಲಕ್ಕೆ ಸೇರಿಸಿದರು. ಮೂರೂವರೆ ಗಂಟೆಯ ನಡಿಗೆ ಅದನ್ನು ಬಳಸಿಕೊಂಡೇ ಸಾಗುತ್ತದೆ.