ಅಂಗಳದ ಪ್ರಯೋಗಶಾಲೆ

ಮುಂಗಾರು ಕಾಲಿಡುವ ಮುನ್ನ ಪುತ್ತೂರು, ಸುಳ್ಯ, ಕಡಬಗಳ ಅಡಿಕೆ ಬೆಳೆಗಾರರ ಅಂಗಳವೇ ಪ್ರಯೋಗಶಾಲೆಯಾಗುತ್ತದೆ. ಒಂದು ಪಾತ್ರೆಯಲ್ಲಿ ನವಿಲಿನ ಕೊರಳ ಬಣ್ಣದ ಮೈಲುತುತ್ತದ ನೀರು. ಇನ್ನೊಂದರಲ್ಲಿ ಸುಣ್ಣದ ಹಾಲು. ಇವೆರಡೂ ಕೂಡಿದರೆ ಬೋರ್ಡೋ ದ್ರಾವಣ, ಕೊಳೆರೋಗಕ್ಕೆ ತೋಟಗಾರರು ನಂಬಿದ ಮದ್ದು.

ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ಇದರ ಗುಣವನ್ನು ಕಂಡು 1885ರಲ್ಲಿ ಲೋಕಕ್ಕೆ ಸಾರಿದವರು ಮಿಲಾರ್ಡೆ. ಅದನ್ನು ಅಡಿಕೆಯ ಗೊನೆಗೆ ಸಿಂಪಡಿಸುವ ಕ್ರಮವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಢಿಗೆ ತಂದವರು ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್.

ಮದ್ದು ಸರಳ; ಬೆರೆಸುವ ಕ್ರಮ ಮಾತ್ರ ಕಟ್ಟುನಿಟ್ಟು. ಒಂದು ಕಿಲೋ ಮೈಲುತುತ್ತವನ್ನೂ ಒಂದು ಕಿಲೋ ಸುಣ್ಣವನ್ನೂ ಐವತ್ತೈವತ್ತು ಲೀಟರು ನೀರಿನಲ್ಲಿ ಬೇರೆಬೇರೆಯಾಗಿ ಕದಡಿ, ಮೈಲುತುತ್ತದ ನೀರನ್ನು ಸುಣ್ಣದ ಹಾಲಿಗೆ ಕಲಕುತ್ತ ಸುರಿಯಬೇಕು. ಕಬ್ಬಿಣದ ಪಾತ್ರೆ ಸಲ್ಲದು. ಮೈಲುತುತ್ತವು ಅದನ್ನು ತಿನ್ನುತ್ತದೆ. ಹೊಳೆಯುವ ಚೂರಿಯನ್ನು ದ್ರಾವಣದಲ್ಲಿ ಅದ್ದಿದಾಗ ಅಲಗು ಕೆಂಪಾದರೆ ತಾಮ್ರ ಹೆಚ್ಚಾಗಿದೆಯೆಂದರ್ಥ. ಇನ್ನಷ್ಟು ಸುಣ್ಣದ ಹಾಲು ಬೇಕು. ಇಲ್ಲವಾದರೆ ಎಳೆಗಾಯಿ ಸುಟ್ಟೀತು.

ಅಪಾಯ ಗಿಡಕ್ಕಷ್ಟೇ ಅಲ್ಲ. ಸುಟ್ಟ ಸುಣ್ಣ ನೀರು ಕಂಡೊಡನೆ ಕೊತಕೊತನೆ ಕುದಿದು ಸಿಡಿಯುತ್ತದೆ. ಅದರ ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕೂಡಲೇ ಧಾರಾಳ ನೀರಿನಿಂದ ಬಹುಹೊತ್ತು ತೊಳೆದು ವೈದ್ಯರ ಬಳಿಗೆ ಧಾವಿಸಬೇಕು. ಕೂಲಿ ಉಳಿಯಲೆಂದು ಕೀಟನಾಶಕವನ್ನೂ ಇದಕ್ಕೇ ಸುರಿಯುವವರುಂಟು. ಸುಣ್ಣದ ಕ್ಷಾರಗುಣಕ್ಕೆ ಮಲಾಥಿಯಾನಿನಂತಹ ಔಷಧಿಗಳು ಸತ್ವಗೆಡುತ್ತವೆ. ಹಣ ಹೋಗುತ್ತದೆ, ಕೀಟ ಉಳಿಯುತ್ತದೆ.

ತೋಟವಿಲ್ಲದ ಪೇಟೆಯ ಮನೆಗಳೂ ಈ ಪಾಠಕ್ಕೆ ಹೊರತಲ್ಲ. ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯೂ ಬಚ್ಚಲು ತೊಳೆಯುವ ಆಸಿಡ್ಡೂ ಒಂದೇ ಗೂಡಿನಲ್ಲಿ ನೆರೆಹೊರೆಯಾಗಿರುತ್ತವೆ. ಕಲೆ ಬೇಗ ಹೋಗಲೆಂದು ಗೃಹಿಣಿ ಎರಡನ್ನೂ ಒಟ್ಟಿಗೆ ಸುರಿದರೆ ಏಳುವುದು ಕ್ಲೋರಿನ್ ಅನಿಲ. 1915ರಲ್ಲಿ ಈಪ್ರ್ ರಣಾಂಗಣದಲ್ಲಿ ಸೈನಿಕರ ಉಸಿರು ಕಟ್ಟಿಸಿದ ಅದೇ ವಿಷ. ಅದು ಗಾಳಿಗಿಂತ ಭಾರವಾದುದರಿಂದ ನೆಲದ ಹತ್ತಿರವೇ ನಿಲ್ಲುತ್ತದೆ. ಮಕ್ಕಳಿಗೆ ಬೇಗ ತಗಲುತ್ತದೆ. ಘಾಟು ಬಂದೊಡನೆ ಎಲ್ಲವನ್ನೂ ಬಿಟ್ಟು, ಮಕ್ಕಳೊಡನೆ ಹೊರಗಿನ ಗಾಳಿಗೆ ಬರಬೇಕು. ಕೆಮ್ಮು, ಉಬ್ಬಸ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಬೇಕು.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಎಚ್ಚರಿಸಲು ಉಪಾಧ್ಯಾಯರಿರುತ್ತಾರೆ. ಅಂಗಳದಲ್ಲಿಯೂ ಬಚ್ಚಲಿನಲ್ಲಿಯೂ ಆ ಕೆಲಸವನ್ನು ಮಾಡುವುದು ಸೀಸೆಯ ಮೇಲಿನ ಚೀಟಿಯೊಂದೇ. ಅದನ್ನು ಹರಿಯದೆ ಉಳಿಸಿ, ಓದಿ, ಆಮೇಲೆ ಮುಚ್ಚಳ ತೆರೆಯುವುದು ಲೇಸು.